ಮೈನುದ್ದೀನ ಮಿಸ್ತ್ರಿಯ ಕೈಗುಣ

ರೋಣದ ಸೀಮೆಯಲ್ಲಿ ಮೋಟರ್ ಸೈಕಲ್ಲು ನಡುದಾರಿಯಲ್ಲಿ ನಿಂತರೆ ಜನ ಮೊದಲು ಅದನ್ನು ಹಿಡಿದು ಅಲ್ಲಾಡಿಸುತ್ತಾರೆ. ಟಾಕಿಯೊಳಗೆ ಗುಳುಗುಳು ಸದ್ದಾದರೆ ಪೆಟ್ರೋಲ್ ಇದೆ ಎಂದಾಯಿತು. ಆಮೇಲೆ ಬೆವರು ಇಳಿಯುವ ತನಕ ಕಿಕ್ ಹೊಡೆಯುತ್ತಾರೆ. ಅದೂ ಮುಗಿದ ಮೇಲೆ ಗಾಡಿ ಮಾಡಿದ ಕಂಪನಿಯವನ ವಂಶವನ್ನು ನೆನೆಯುತ್ತಾರೆ. ಕೊನೆಗೆ, ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡುತ್ತಾರೆ: ತಳ್ಳಿಕೊಂಡೋ, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡೋ ಮೈನುದ್ದೀನ ಮಿಸ್ತ್ರಿಯ ಹತ್ತಿರ ಬರುತ್ತಾರೆ.

ಮೈನುದ್ದೀನನ ಗ್ಯಾರೇಜು ನರಗುಂದದ ರಸ್ತೆಗೆ, ಗೌಸುಸಾಬನ ಚಹಾದಂಗಡಿಗೆ ಬೆನ್ನು ಹಚ್ಚಿಕೊಂಡಿದೆ. ಗ್ಯಾರೇಜು ಎಂದರೆ ಮೇಲೆ ತಗಡು, ಪಕ್ಕದಲ್ಲಿ ಬೇವಿನ ಗಿಡ, ಕೆಳಗೆ ಎಣ್ಣೆ ಕುಡಿದು ಕುಡಿದು ಡಾಂಬರಿನಂತಾದ ನೆಲ. ಬೋರ್ಡಿಲ್ಲ. ಯಾಕೆಂದು ಯಾರಾದರೂ ಕೇಳಿದರೆ, "ಬೋರ್ಡ್ ಬೇಕಾಗೂದು ಹೊಸಬರಿಗೆ" ಎನ್ನುತ್ತಿದ್ದ. ಮೂರು ದಶಕ ಗಿಡ್ಡ ಮಣೆಯ ಮೇಲೆ ಕುಳಿತು ಕೆಲಸ ಮಾಡಿದ್ದರಿಂದ ಮೊಳಕಾಲು ಹೋಗಿವೆ. ಅವನು ಒಂದೇ ಸಲಕ್ಕೆ ಏಳುವುದಿಲ್ಲ, ಕಂತಿನಲ್ಲಿ ಏಳುತ್ತಾನೆ. ಮೊದಲು ಕೈ, ಆಮೇಲೆ ಸೊಂಟ, ಸ್ವಲ್ಪ ಹೊತ್ತು ಬಿಟ್ಟು ಉಳಿದದ್ದು.

ಆದರೆ ಎದ್ದು ನಿಂತ ಮೇಲೆ ಅವನ ಠೀವಿಯೇ ಬೇರೆ. ಹಳೆಯ ಕಾಲದ ಹಕೀಮರು ರೋಗಿಯ ನಾಲಿಗೆ ನೋಡುತ್ತಿದ್ದಂತೆ, ಮೈನುದ್ದೀನ ಮೊದಲು ಟಾಕಿಯ ಮುಚ್ಚಳ ತೆಗೆಯುತ್ತಾನೆ. ಬಗ್ಗಿ, ಕಣ್ಣು ಮುಚ್ಚಿ, ಪೆಟ್ರೋಲಿನ ವಾಸನೆ ಎಳೆದುಕೊಳ್ಳುತ್ತಾನೆ. ಕಲಬೆರಕೆಯೋ ನೀರು ಸೇರಿದೆಯೋ ಅವನಿಗೆ ಮೂಗಿನಿಂದಲೇ ಗೊತ್ತಾಗುತ್ತದಂತೆ. "ಹೂಂ" ಎಂದು ಮುಚ್ಚಳ ಹಾಕಿ, ಟಾಕಿಯ ಮೇಲೆ ಅಂಗೈ ಊರಿ, ಬಿಸ್ಮಿಲ್ಲಾ ಎಂದು ಒಂದು ಕಿಕ್ ಹೊಡೆಯುತ್ತಾನೆ. ಗಾಡಿ ಚಾಲೂ ಆಗುತ್ತದೆ. ಮೂರು ಹರದಾರಿ ತಳ್ಳಿಕೊಂಡು ಬಂದವನು ಬಾಯಿ ತೆರೆದು ನಿಲ್ಲುತ್ತಾನೆ. ಪ್ರತಿ ಸಲ ಅಲ್ಲದಿದ್ದರೂ ಇದು ಎಷ್ಟು ಸಲ ನಡೆಯಿತೆಂದರೆ, ಮೈನುದ್ದೀನನ ಕೈಗುಣ ಎಂಬ ಮಾತು ನರೇಗಲ್ಲಿನ ಸಂತೆ ದಾಟಿ ಗಜೇಂದ್ರಗಡದ ತನಕ ಮುಟ್ಟಿತು.

ಹೆಸರು ಬಂದ ಹೊಸತರಲ್ಲಿ ಸುಖವಾಗಿತ್ತು. ಬರಬರುತ್ತ ಅದು ಅವನ ಹೆಗಲೇರಿ ಕುಳಿತಿತು. ಉಣ್ಣಲು ಕುಳಿತರೆ ಕರೆ. ಶುಕ್ರವಾರ ನಮಾಜು ಮುಗಿಸಿ ಮಸೀದಿಯ ಮೆಟ್ಟಿಲಿಳಿದರೆ ಎದುರಿಗೆ ಕೆಟ್ಟ ಗಾಡಿ. ಮದುವೆಗೆ ಹೋದರೆ ಮದುಮಗನ ಮಾವನ ಜೀಪು. ಒಬ್ಬಾತ ಬೋರ್‌ವೆಲ್ ಕೊರೆಸುವ ಮೊದಲು ನೆಲ ಮುಟ್ಟಿ ಹೋಗೆಂದು ಕರೆದೊಯ್ದ. ಅಲ್ಲಿ ನೀರು ಬೀಳಲಿಲ್ಲ. ಆದರೆ ಅದಕ್ಕೆ ಮೈನುದ್ದೀನ ಎಡಗೈಯಿಂದ ಮುಟ್ಟಿದ್ದೇ ಕಾರಣವೆಂದು ಜನರೇ ತೀರ್ಮಾನಿಸಿದರು.

"ಊರ ಮಂದಿ ಗಾಡಿಗೆಲ್ಲಾ ನಿಮ್ಮ ಕೈಗುಣ ಹತ್ತತೈತಿ, ನಮ್ಮ ಮನಿ ಮಿಕ್ಸರಿಗೆ ಯಾಕ ಹತ್ತೂದಿಲ್ರಿ?" ಎಂದು ಹೆಂಡತಿ ನಜ್ಮಾ ಕೇಳುತ್ತಾಳೆ.

"ಮನಿ ಮಂದಿಗೆ ಔಷಧ ನಾಟೂದಿಲ್ಲ" ಎಂದು ಅವನು ಗೋಡೆಯ ಕಡೆ ಹೊರಳಿ ಮಲಗುತ್ತಾನೆ.

ಕೈಗುಣದ ಜೊತೆಗೆ ಅವನಿಗೆ ಇನ್ನೊಂದು ಹೆಮ್ಮೆಯಿತ್ತು. ಅದರ ಹೆಸರು 'ಬಂದೋಬಸ್ತ್'. ಕೈಗುಣದ ಹೆಸರು ಹಬ್ಬುವ ಮುಂಚಿನ ಒಂದು ಮಳೆಗಾಲದಲ್ಲಿ ಊರಿನ ಹಲವು ಗಾಡಿಗಳ ಟಾಕಿಗೆ ನೀರು ಇಳಿದಿತ್ತು. ಮೈನುದ್ದೀನ ಮುಚ್ಚಳ ತಿರುಗಿಸಿ ತಿರುಗಿಸಿ ನೋಡಿದಾಗ ಅದರಲ್ಲೊಂದು ಸೂಜಿಮೊನೆಯಷ್ಟು ತೂತು ಕಂಡಿತು. ಮರುದಿನ ಚಹಾದಂಗಡಿಯಲ್ಲಿ ಅವನು, "ಅಷ್ಟ ಮಂದಿ ಇಂಜಿನಿಯರು ಕೂತು ಮಾಡಿದ ಗಾಡ್ಯಾಗ ಮುಚ್ಚಳಕ್ಕ ತೂತು ಬಿಟ್ಟಾರ. ಒಬ್ಬನ ಕಣ್ಣಿಗಾದ್ರೂ ಬೀಳಬಾರದಾ?" ಎಂದು ಕಂಪನಿಯವರ ಪರವಾಗಿ ತಾನೇ ನಾಚಿಕೊಂಡ. ಸೋರುವ ಟಾಕಿಗೆ ನಮ್ಮ ಕಡೆ ಅರಿವೆ ಒಗೆಯುವ ಸಾಬೂನು ತಿಕ್ಕುವುದು ರೂಢಿ, ಪೆಟ್ರೋಲಿಗೆ ಸಾಬೂನು ಕರಗುವುದಿಲ್ಲ. ಅದೇ ಸಾಬೂನನ್ನು ನಾದಿ ಆ ತೂತಿಗೆ ಮೆತ್ತಿದ. ಅಂದಿನಿಂದ ಅವನ ಕೈಯಲ್ಲಿ ಸರ್ವಿಸ್ ಆದ ಯಾವ ಗಾಡಿಯೂ ಬಂದೋಬಸ್ತ್ ಇಲ್ಲದೆ ಹೊರಬೀಳಲಿಲ್ಲ. ಅದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಕಂಪನಿಯ ತಪ್ಪಿಗೆ ಗಿರಾಕಿ ಯಾಕೆ ದಂಡ ಕಟ್ಟಬೇಕು?

ಹೀಗಿರುವಾಗ ಕಳಕೇಶನ ಗಾಡಿ ಬಂತು.

ಕಳಕೇಶ ರಾಜೂರಿನವನು. ಹಾಲಿನ ಸಂಘದ ಪರವಾಗಿ ಹಳ್ಳಿ ಹಳ್ಳಿಗೆ ಹೋಗಿ ಎಮ್ಮೆ ಆಕಳುಗಳಿಗೆ ಗರ್ಭದ ಸೂಜಿ ಮಾಡುವುದು, ಕ್ಯಾಲ್ಸಿಯಂ ಬಾಟಲಿ ಏರಿಸುವುದು ಅವನ ಕೆಲಸ. ಡಾಕ್ಟರಲ್ಲ. ಆದರೆ ದನಗಳು ಸರ್ಟಿಫಿಕೇಟು ಕೇಳುವುದಿಲ್ಲ. ಜನ ಡಾಕ್ಟರ್ರ ಎಂದರೆ ಅವನೂ ಬೇಡ ಎನ್ನುವುದಿಲ್ಲ. ಎದೆಯ ಮೇಲಿನ ಕಿಸೆಯಲ್ಲಿ ಮಳೆಯಿರಲಿ ಬಿಸಿಲಿರಲಿ ಒಂದು ಥರ್ಮಾಮೀಟರ್ ಇಣುಕುತ್ತಿರುತ್ತದೆ. ಬೆದೆಗೆ ಬಂದ ಎಮ್ಮೆ ಇವನ ಗಾಡಿ ಸುಧಾರಿಸುವ ತನಕ ಕಾಯುವುದಿಲ್ಲ. ಹೊತ್ತು ಮೀರಿ ಹೋದರೆ ಮತ್ತೆ ಮುಂದಿನ ಸರದಿಯೇ. ಇಂಥವನ ಹಳೆಯ ಗಾಡಿ, ಬಂದೋಬಸ್ತಾದ ಗಾಡಿ, ಸ್ವಲ್ಪ ದೂರ ಓಡಿ ಸುಮ್ಮನೆ ನಿಲ್ಲತೊಡಗಿತು.

ಮೈನುದ್ದೀನ ಪ್ಲಗ್ಗು ಬದಲಿಸಿದ. ಕಾರ್ಬೊರೇಟರ್ ಬಿಚ್ಚಿ ಜಳಕ ಮಾಡಿಸಿದ. ಪೆಟ್ರೋಲಿನ ಪೈಪು ಹೊಸದು ಹಾಕಿದ, ಕಾಕ್ ಹೊಸದು ಹಾಕಿದ, ಕಾಯಿಲ್ಲಿನ ಮೇಲೆ ಅನುಮಾನ ಪಟ್ಟು ಅದನ್ನೂ ತೆಗೆದ. ಗಾಡಿಯಲ್ಲಿ ಹಳೆಯದೆಂದು ಉಳಿದದ್ದು ನಂಬರ್ ಪ್ಲೇಟು ಮತ್ತು ಆ ರೋಗ.

ಮಾಗಿಯ ಚಳಿ ಹಿಡಿದಿದ್ದ ಒಂದು ಬೆಳಿಗ್ಗೆ ಕಳಕೇಶ ಮತ್ತೆ ತಳ್ಳಿಕೊಂಡು ಬಂದ. ಮೈನುದ್ದೀನನಿಗೆ ಅವತ್ತು ನೆಗಡಿ ಆಗಷ್ಟೇ ಶುರುವಾಗಿತ್ತು. ನಜ್ಮಾ ಮನೆಯಲ್ಲೇ ಇರೆಂದು ಹೇಳಿದ್ದರೂ ಮಫ್ಲರ್ ಸುತ್ತಿಕೊಂಡು ಬಂದು ಕುಳಿತಿದ್ದ.

"ಚಾಚಾ, ಮತ್ತ ನಿಂತ್ತು."

"ಎಲ್ಲಿ?"

"ಅಲ್ಲೇ, ಯಾವಗಲ್ ಊರಿನ ದಾರ್ಯಾಗ. ಕಡ್ಲಿ ಹೊಲದ ಹೆಣ್ಮಕ್ಕಳು ದಿನಾ ನನ್ನ ಹಾದಿ ಕಾಯ್ತಾರ. 'ಏನ್ರಿ ಡಾಕ್ಟರ್ರ, ಗಾಡಿ ಬೆದಿಗೆ ಬಂದೈತೇನ್ರಿ' ಅಂತಾರ. ಮಾನ ಹೋತು."

ಗೌಸುಸಾಬ ಚಹಾ ಸೋಸುತ್ತ ನಕ್ಕ. ಮೈನುದ್ದೀನ ನಗಲಿಲ್ಲ. ಕಂತಿನಲ್ಲಿ ಎದ್ದ.

"ಒಂದ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ" ಎಂದ ಕಳಕೇಶ. "ಟಾಕಿ ತುಂಬ ಪೆಟ್ರೋಲ್ ಹಾಕಿಸಿದ ದಿನ ಲಗೂನ ನಿಲ್ತೈತಿ. ಅರ್ಧ ಇದ್ದಾಗ ಇನ್ನಷ್ಟ ದೂರ ಹೋಗ್ತೈತಿ."

"ಅದ ಹ್ಯಾಂಗಪಾ? ಹೊಟ್ಟಿ ತುಂಬಿದ ಎತ್ತು ದಾರ್ಯಾಗ ಮಲಗ್ತೈತೇನು?"

"ಮಲಗ್ತೈತ್ರಿ. ದನದ ವಿಷಯ ನನಗ ಹೇಳಬ್ಯಾಡ್ರಿ."

ಮೈನುದ್ದೀನ ಮುಚ್ಚಳ ತೆಗೆದ, ಮೂಸಿದ, ಹಾಕಿದ, ಅಂಗೈ ಊರಿದ, ಕಿಕ್ ಹೊಡೆದ. ಗಾಡಿ ಚಾಲೂ ಆಯಿತು.

"ನೋಡು. ಗಾಡಿಗೆ ಏನೂ ಆಗಿಲ್ಲ. ನಿನಗ ಕಿಕ್ ಹೊಡ್ಯಾಕ ಬರೂದಿಲ್ಲ."

ಕಳಕೇಶನ ಮುಖ ಕೆಂಪಾಯಿತು. "ಹಂಗಾರ ನೀವ ಬರ್ರಿ. ಯಾವಗಲ್ಲಿನ ಚನ್ನವ್ವನ ಎಮ್ಮಿ ಇವತ್ತ ಬೆದಿಗೆ ಬಂದೈತಿ. ಹೋದ ಸಲ ನಾ ಮುಟ್ಟೂದ್ರಾಗ ಎಮ್ಮಿ ತಣ್ಣಗಾಗಿತ್ತು. ಆಕಿ ಊರೆಲ್ಲಾ ಹೇಳಿ ಬಂದಾಳ. ನೀವ ನಡಸ್ರಿ, ನಾ ಹಿಂದ ಕುಂದರ್ತೀನಿ. ನಿಲ್ಲದ ಮುಟ್ಟಿತಾ, ನಿಮ್ಮ ಪಾದಾ ಹಿಡೀತೀನಿ. ನಿಂತಿತಾ, ನಾಳೆ ಗಜೇಂದ್ರಗಡದ ಶೋರೂಮಿಗೆ ಒಯ್ತೀನಿ."

ಗೌಸುಸಾಬನ ಕೈಯಲ್ಲಿನ ಚಹಾದ ಧಾರೆ ಹಾಗೇ ನಿಂತಿತು. ಕಳಕೇಶ ಹೊಕ್ಕು ಬಾರದ ಕೊಟ್ಟಿಗೆಯೇ ಆ ಸೀಮೆಯಲ್ಲಿಲ್ಲ. ಅವನ ಗಾಡಿ ಗಜೇಂದ್ರಗಡಕ್ಕೆ ಹೋಯಿತೆಂದರೆ, ಅದಕ್ಕಿಂತ ಮೊದಲು ಸುದ್ದಿ ಹೋಗುತ್ತದೆ: ಮೈನುದ್ದೀನನ ಕೈಗುಣ ಮುಗಿಯಿತು. ಕೈಗುಣದಿಂದ ಎಷ್ಟೇ ಬೇಸತ್ತಿದ್ದರೂ, ತಾನೇ ಬಿಡುವುದು ಬೇರೆ, ಎಮ್ಮೆಯೊಂದರ ಸಲುವಾಗಿ ಕಳೆದುಕೊಳ್ಳುವುದು ಬೇರೆ.

"ನಡಿ" ಎಂದ ಮೈನುದ್ದೀನ. ಅವನ ದನಿ ಮೂಗಿನಿಂದ ಬಂತು.

ನೆಪ ಹೇಳಲು ಆಸ್ಪದವಿರಬಾರದೆಂದು ಕಳಕೇಶ ಪಂಪಿನಲ್ಲಿ ಟಾಕಿಯ ಕುತ್ತಿಗೆಯ ಮಟ ಪೆಟ್ರೋಲ್ ತುಂಬಿಸಿದ. ತಾನೂ ಏನೂ ಕಡಿಮೆ ಮಾಡಬಾರದೆಂದು ಮೈನುದ್ದೀನ ಕಿಸೆಯಿಂದ ಸಾಬೂನಿನ ತುಂಡು ತೆಗೆದು, ಮುಚ್ಚಳದ ತೂತಿಗೆ ಹೊಸ ಬಂದೋಬಸ್ತ್ ಮೆತ್ತಿ, ಹೆಬ್ಬೆರಳಿನಿಂದ ಒತ್ತಿ, ಅಂಗಿಯ ತುದಿಯಿಂದ ಒರೆಸಿದ.

ಊರು ದಾಟಿದ ಮೇಲೆ ಎರಡೂ ಕಡೆ ಎರೆಭೂಮಿ. ಗಾಳಿ ಮಫ್ಲರಿನ ಸಂದಿಯಲ್ಲಿ ನುಗ್ಗಿ ಮೈನುದ್ದೀನನ ಕಣ್ಣಲ್ಲಿ ನೀರು ಬರಿಸುತ್ತಿತ್ತು. ಮೂಗು ಪೂರಾ ಕಟ್ಟಿತ್ತು. ಆದರೂ ಗಾಡಿ ಚಲೋ ಓಡುತ್ತಿದೆ ಎಂದು ಬೆನ್ನು ನೆಟ್ಟಗೆ ಮಾಡಿ ಕುಳಿತ. "ಹ್ಯಾಂಗೈತಿ?" ಎಂದು ಹಿಂದೆ ಕೇಳುವಷ್ಟು ಧೈರ್ಯ ಬಂತು. ಕಳಕೇಶ, "ಇನ್ನೂ ಕಡ್ಲಿ ಹೊಲ ಬಂದಿಲ್ರಿ" ಎಂದ.

ಕಡಲೆ ಹೊಲ ಬಂತು. ಗಾಡಿ ಎರಡು ಸಲ ಮುಗ್ಗರಿಸಿತು, ಬಿಕ್ಕಳಿಸಿತು, ನಿಂತಿತು.

ಹೊಲದಲ್ಲಿ ಕಡಲೆ ಕೀಳುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತರು. "ಇವತ್ತ ಡಾಕ್ಟರ್ರ ಜೋಡಿ ಮುದುಕಪ್ಪನೂ ಬಂದಾನ, ನೋಡ ಗೌತಮಿ!" ಎಂದು ಒಬ್ಬಳು ಕೂಗಿದಳು. "ತಳ್ಳಾಕ ಒಬ್ಬಾಂವ ಸಾಲವಲ್ಲ ಅಂತ ಕರ್ಕೊಂಡ ಬಂದಿರಬೇಕು ತಗೋ" ಎಂದಳು ಗೌತಮಿ.

ಮೈನುದ್ದೀನ ಗಾಡಿಯಿಂದ ಇಳಿದ. ಟಾಕಿ ತುಂಬಿದ್ದನ್ನು ತಾನೇ ಕಣ್ಣಾರೆ ಕಂಡಿದ್ದ, ಮೂಗು ಕಟ್ಟಿದವನು ಮೂಸಿ ಮಾಡುವುದಾದರೂ ಏನು? ಮುಚ್ಚಳದ ತಂಟೆಗೆ ಹೋಗದೆ ಸೀದಾ ಅಂಗೈ ಊರಿ, ಬಿಸ್ಮಿಲ್ಲಾ ಎಂದು ಕಿಕ್ ಹೊಡೆದ.

ಏನೂ ಆಗಲಿಲ್ಲ.

ಇನ್ನೊಮ್ಮೆ ಹೊಡೆದ. ಮಫ್ಲರ್ ಬಿಚ್ಚಿ ಹೊಡೆದ. ಕಾಲು ಬದಲಿಸಿ ಹೊಡೆದ. ಎಡಗೈ ಬಲಗೈ ಎರಡೂ ಊರಿ ನೋಡಿದ. ಪ್ಲಗ್ಗು ತೆಗೆದು ನೋಡಿದರೆ ಕಿಡಿ ಬರುತ್ತಿತ್ತು. ಹೊಲದಿಂದ, "ಮೊಳಕಾಲ ಕಳಚಿ ಬಿದ್ದಾವು, ಸಾಕ ಬಿಡೋ ಯಪ್ಪಾ" ಎಂಬ ಮಾತು ಬಂತು. ಅದರಲ್ಲಿ ಕುಚೋದ್ಯಕ್ಕಿಂತ ಕನಿಕರ ಹೆಚ್ಚಿತ್ತು; ಅದೇ ಅವನನ್ನು ಕೆಡವಿತು. ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತುಬಿಟ್ಟ. ಈ ಸಲ ಕಂತಿಲ್ಲ, ಒಂದೇ ಸಲಕ್ಕೆ.

"ಹೋತಪಾ, ಕಳಕೇಶ."

"ಏನು ಹೋತ್ರಿ?"

"ಕೈ."

ಕಳಕೇಶನಿಗೆ ಬೆಳಗಿನ ತನ್ನ ಮಾತಿನ ನೆನಪಾಗಿ ಪೆಚ್ಚೆನಿಸಿತು. "ಹಂಗ್ಯಾಕ ಅಂತೀರಿ ಚಾಚಾ. ಪಂಪಿನಾಂವ ನೀರ ಬೆರಸ್ಯಾನೇನೋ ತಡೀರಿ. ನಿಮಗ ನೆಗಡಿ, ನಾ ಮೂಸಿ ನೋಡ್ತೀನಿ" ಎಂದು ಟಾಕಿಗೆ ಚಾವಿ ಹಾಕಿದ. ಮುಚ್ಚಳ ಲಗೂ ಬರಲಿಲ್ಲ. ಒಳಗಿನಿಂದ ಯಾರೋ ಹಿಡಿದುಕೊಂಡಂತಿತ್ತು. ಬಲ ಹಾಕಿ ಎಳೆದ. 'ಸುಂಯ್' ಎಂದು ಟಾಕಿ ಉಸಿರು ಒಳಗೆಳೆದುಕೊಂಡ ಸದ್ದಾಯಿತು.

ಕಳಕೇಶ ಮಿಸ್ತ್ರಿಯಂತೆಯೇ ಕಣ್ಣು ಮುಚ್ಚಿ ಮೂಸಿದ. "ವಾಸನಿ ಬರೋಬರಿ ಐತಿ" ಎಂದು ಗಂಭೀರವಾಗಿ ಹೇಳಿ, ಮುಚ್ಚಳವನ್ನು ಸೀಟಿನ ಮೇಲಿಟ್ಟು, ಸುಮ್ಮನೆ ಒಂದು ಕಿಕ್ ಹೊಡೆದ. ಇನ್ನೊಂದು ಹೊಡೆದ. ಗಾಡಿ ಗುರ್ರೆಂದು ಎದ್ದಿತು.

ಕಳಕೇಶ ಕುಣಿಯುವುದೊಂದು ಬಾಕಿ. "ಚಾಚಾ! ನನಗೂ ಕೈಗುಣ ಬಂತ್ರಿ!"

ಹೊಲದಿಂದ ಕೇಕೆ ಬಂತು. "ಡಾಕ್ಟರ್ರ ಕೈ ಬಿದ್ದ ಕೂಡ್ಲೆ ಹ್ಯಾಂಗ ಎದ್ದಿತು ನೋಡ!"

ಮೈನುದ್ದೀನನ ಮನಸ್ಸು ಮಾತ್ರ ಆ 'ಸುಂಯ್' ಸದ್ದಿನ ಹತ್ತಿರವೇ ನಿಂತಿತ್ತು. ತನ್ನ ಗ್ಯಾರೇಜಿನಲ್ಲಿ ಎಷ್ಟೋ ಸಲ ಕೇಳಿದ್ದ ಸದ್ದು ಅದು. ಮೂಸುವ ಗಡಿಬಿಡಿಯಲ್ಲಿ ಅದರ ಕಡೆ ಕಿವಿ ಕೊಟ್ಟಿರಲಿಲ್ಲ.

"ಗಾಡಿ ಬಂದ್ ಮಾಡು" ಎಂದ.

"ಚಾಲೂ ಆಗಿದ್ದನ್ನ ಯಾಕ್ರಿ?"

"ಬಂದ್ ಮಾಡು. ಮುಚ್ಚಳ ಕೊಡಿಲ್ಲಿ."

ಮುಚ್ಚಳವನ್ನು ಬಿಸಿಲಿಗೆ ಹಿಡಿದು ನೋಡಿದ. ಅವನದೇ ಬಂದೋಬಸ್ತ್, ಅವನದೇ ಹೆಬ್ಬೆರಳಿನ ಗೆರೆಗಳು ಸಾಬೂನಿನ ಮೇಲೆ ಅಚ್ಚೊತ್ತಿದ್ದವು.

"ಕಳಕೇಶ, ನೀ ಎಮ್ಮಿಗೆ ಕ್ಯಾಲ್ಸಿಯಂ ಬಾಟ್ಲಿ ಏರಸೂಮುಂದ ಬಾಟ್ಲಿಗೆ ಇನ್ನೊಂದ ಸೂಜಿ ಚುಚ್ಚತೀಯಲ್ಲ, ಯಾಕ?"

"ಗಾಳಿ ಹೋಗಾಕ್ರಿ. ಔಷಧ ಇಳಿದಂಗ ಒಳಗ ಗಾಳಿ ಹೋಗಬೇಕಲ್ಲ. ಹೋಗದಿದ್ರ ಹನಿ ನಿಂತ ಬಿಡ್ತೈತಿ. ಇಷ್ಟೂ ಗೊತ್ತಿಲ್ಲೇನ್ರಿ?"

"ಗೊತ್ತಿರಲಿಲ್ಲ" ಎಂದ ಮೈನುದ್ದೀನ.

ಕಳಕೇಶ ಮುಚ್ಚಳ ನೋಡಿದ, ಮೈನುದ್ದೀನನ ಮುಖ ನೋಡಿದ, ಮತ್ತೆ ಮುಚ್ಚಳ ನೋಡಿದ. ದಿನಕ್ಕೊಂದು ಬಾಟಲಿಗೆ ಗಾಳಿಸೂಜಿ ಚುಚ್ಚಿ, ಆಮೇಲೆ ಈ ಗಾಡಿಯನ್ನೇ ತಳ್ಳಿಕೊಂಡು ಮನೆಗೆ ಹೋಗುತ್ತಿದ್ದವನು ಅವನು. "ಅಂದ್ರ... ಟಾಕಿಗೂ..."

"ಹೂಂ. ಪೆಟ್ರೋಲ್ ಕೆಳಗಿಳಿದಂಗ ಮ್ಯಾಲಿಂದ ಗಾಳಿ ಬರಬೇಕು. ಬರೂ ಬಾಗಲಕ್ಕ ನಾ ಸಾಬೂನ ಮೆತ್ತೀನಿ. ಪೆಟ್ರೋಲ್ ಒಳಗ ಸಿಕ್ಕೊಂಡ ನಿಂತೈತಿ. ತುಂಬಿದ ಟಾಕ್ಯಾಗ ಗಾಳಿಗೆ ಜಾಗಾನ ಇರೂದಿಲ್ಲ, ಅದಕ್ಕ ಲಗೂ ಬಿಗೀತೈತಿ. ನೀ ಹೇಳಿದ್ದ ಖರೇ ಇತ್ತು."

"ನಾ ಅಂದಿದ್ನಿ. ಹೊಟ್ಟಿ ತುಂಬಿದ ಎತ್ತು..."

"ಎತ್ತಿನ ಮಾತ ಬಿಡೋ. ಆ ಸೂಜಿ ಕೊಡು."

ಕಳಕೇಶ ಪೆಟ್ಟಿಗೆ ತೆರೆದು, ದನಕ್ಕೆ ಹಾಕುವ ದಪ್ಪ ಸೂಜಿ ಕೊಟ್ಟ. ಮೈನುದ್ದೀನ ಕಲ್ಲಿನ ಮೇಲೆ ಕುಳಿತು, ಹಲ್ಲಿನ ಸಂದಿಯಿಂದ ಅಡಿಕೆಯ ಚೂರು ತೆಗೆಯುವವನಂತೆ, ಸಾಬೂನನ್ನು ಒಂದೊಂದೇ ಕಣ ಕೆದಕಿ ತೆಗೆದ. ಬಾಯಿಯಿಂದ ಊದಿ ನೋಡಿದ. ಗಾಳಿ ದಾಟಿತು.

ಆಗ ಅವನಿಗೆ ಎಲ್ಲ ಅರ್ಥವಾಗಿತ್ತು. ಗಾಡಿಗಳನ್ನು ನಡುದಾರಿಯಲ್ಲಿ ನಿಲ್ಲಿಸಿದ್ದೂ ತಾನೇ, ಮೂಸುವ ನೆಪದಲ್ಲಿ ಮುಚ್ಚಳ ತೆಗೆದು ಎಬ್ಬಿಸಿದ್ದೂ ತಾನೇ. ಕೈಗೂ ಇದಕ್ಕೂ ಸಂಬಂಧವಿರಲಿಲ್ಲ. ಮೂಗಿಗೂ ಇರಲಿಲ್ಲ.

ಕಳಕೇಶ ದನಿ ತಗ್ಗಿಸಿ, "ಚಾಚಾ, ಇದನ್ನ ಯಾರ ಮುಂದೂ ಆಡಬ್ಯಾಡ್ರಿ. ನಾನೂ ಆಡೂದಿಲ್ಲ. ಗಜೇಂದ್ರಗಡಕ್ಕೂ ಹೋಗೂದಿಲ್ಲ. ನಿಮ್ಮ ಹೆಸರು ಹಂಗ ಇರ್ಲಿ" ಎಂದ.

ಮೈನುದ್ದೀನ ಸೂಜಿಯನ್ನು ಮಫ್ಲರಿಗೆ ಒರೆಸಿದ. "ನರಗುಂದದ ಗಾಡಿ ಅದಾವು, ನರೇಗಲ್ಲಿನವೂ ಅದಾವು. ಎಷ್ಟಕ್ಕ ಮೆತ್ತೀನೋ ನನಗ ನೆನಪಿಲ್ಲ. ಎಲ್ಲಾರೂ ಎಲ್ಲೋ ಒಂದ ಹೊಲದ ಬಾಜೂಕ ನಿಂತಿರ್ತಾರ. ತಳ್ಕೋತ ನನ್ನ ಕಡೆನ ಬರ್ತಾರ. ನಾ ಸಾಯೂ ಮಟ ಏಳೂದು, ಮೂಸೂದು, ಏಳೂದು, ಮೂಸೂದು... ಬ್ಯಾಡಪಾ. ಮೊಳಕಾಲ ಒಲ್ಲೆ ಅಂತಾವು. ಹೋಗೂದಿದ್ರ ಹೋಗ್ಲಿ ಕೈಗುಣ. ಹೇಳಿ ಬಿಡ್ತೀನಿ."

ಅವತ್ತು ಗಾಡಿ ಯಾವಗಲ್ ಮುಟ್ಟಿ, ಚನ್ನವ್ವನ ಎಮ್ಮೆಯ ಕೆಲಸ ಹೊತ್ತಿಗೆ ಸರಿಯಾಗಿ ಮುಗಿಸಿ, ಎಲ್ಲೂ ನಿಲ್ಲದೆ ರೋಣಕ್ಕೆ ಬಂತು. ಚನ್ನವ್ವ ಕೊಟ್ಟ ಮಜ್ಜಿಗೆಯನ್ನು ನೆಗಡಿಯ ಸಲುವಾಗಿ ಬೇಡವೆಂದದ್ದಕ್ಕೆ, "ದೊಡ್ಡ ಮಿಸ್ತ್ರಿ, ನಮ್ಮನ್ಯಾಗ ಕುಡ್ಯಾಕ ಬಿಗುಮಾನ" ಎಂದು ಬೈಸಿಕೊಂಡದ್ದೊಂದು ಹೆಚ್ಚುವರಿ.

ಮರುದಿನ ಮೈನುದ್ದೀನ ಚಹಾದಂಗಡಿಯ ಬೆಂಚಿನ ಮುಂದೆ ನಿಂತು ಎಲ್ಲ ಹೇಳಿದ. ಮುಚ್ಚಳ ತೋರಿಸಿದ, ತೂತು ತೋರಿಸಿದ, ಸಾಬೂನು ತೋರಿಸಿದ. "ನನ್ನ ಕೈಯಾಗ ಏನೂ ಇಲ್ಲ. ನಾ ಮೆತ್ತಿದ್ದನ್ನ ನಾನ ತಗೀಬೇಕು. ಎಲ್ಲಾರೂ ಗಾಡಿ ತರ್ರಿ, ಸೂಜಿ ಹಾಕಿ ಕೊಡ್ತೀನಿ" ಎಂದು ಮುಗಿಸಿ, ಬೈಗುಳಕ್ಕಾಗಿ ಕಾದ.

ಬೆಂಚು ಸ್ವಲ್ಪ ಹೊತ್ತು ಚಹಾ ಹೀರಿತು. ಆಮೇಲೆ ಕಿರಾಣಿ ಅಂಗಡಿಯ ಕೊಟ್ರೇಶ, "ಭಾಳ ದೊಡ್ಡ ಮನಸ್ಸು ನಿಂದು ಮೈನುದ್ದೀನ. ಕೈಗುಣ ಇದ್ದಾಂವ ಎಂದೂ ಐತಿ ಅನ್ನೂದಿಲ್ಲ" ಎಂದ.

"ಅಲ್ಲೋ ಮಾರಾಯಾ, ತೂತು..."

"ತೂತು ಎಲ್ಲಾ ಮುಚ್ಚಳಕ್ಕೂ ಇರ್ತೈತಿ. ಗಾಡಿ ಎಲ್ಲಾರ ಕೈಯಾಗ ಏಳ್ತೈತೇನು?"

"ಕಳಕೇಶನ ಕೈಯಾಗ ಎದ್ದಿತು!"

"ಯಾಕ ಏಳೂದಿಲ್ಲ?" ಎಂದ ಗೌಸುಸಾಬ ಒಳಗಿನಿಂದ. "ನೀ ಬಾಜೂಕ ಕುಂತಿದ್ದಿ."

ಬೆಂಚು ತಲೆದೂಗಿತು. ಮೈನುದ್ದೀನ ಮುಚ್ಚಳವನ್ನು ಮೇಲಕ್ಕೆತ್ತಿ ಇನ್ನೇನೋ ಹೇಳಬೇಕೆನ್ನುವಷ್ಟರಲ್ಲಿ ನರೇಗಲ್ಲಿನ ಪರಶಪ್ಪ ಗಾಡಿ ತಳ್ಳಿಕೊಂಡು ಬಂದು, ಬೇವಿನ ಗಿಡಕ್ಕೆ ಆನಿಸಿ, ನೆಲದ ಮೇಲೆ ಕುಕ್ಕರಿಸಿದ. "ಊರ ಹೊರಗ ನಿಂತಿತು ಮಿಸ್ತ್ರಿ. ಜರಾ ಕೈ ಹಚ್ಚು."

"ಪರಶಪ್ಪ, ನಾ ಹೇಳೂದ ಕೇಳು. ಕೈ ಹಚ್ಚಿದ್ರ ಏನೂ ಆಗೂದಿಲ್ಲ."

"ಸುಮ್ಮ ಹಚ್ಚಪಾ. ನಿನ್ನ ಗಂಟೇನ ಹೋಗ್ತೈತಿ?"

ಮೈನುದ್ದೀನ ರೂಢಿಯಂತೆ ಮುಚ್ಚಳ ತೆಗೆದ, ಸೂಜಿಯಿಂದ ಸಾಬೂನು ಕೆದಕಿದ, ಮೂಗು ಕಟ್ಟಿದ್ದರಿಂದ ಮೂಸದೆ ಟಾಕಿಯೊಳಗೆ ಬಗ್ಗಿ ನೋಡಿದ. ಅಂಗೈ ಊರಲಿಲ್ಲ, ಬೇಕೆಂದೇ ಕೈ ಹಿಂದೆ ಕಟ್ಟಿಕೊಂಡು ಕಿಕ್ ಹೊಡೆದ. ಗಾಡಿ ಏಳಲಿಲ್ಲ. ಇನ್ನೊಮ್ಮೆ ಹೊಡೆದ. ಏಳಲಿಲ್ಲ. ಅವನ ಮುಖದಲ್ಲಿ ಬಹಳ ದಿನಗಳ ಮೇಲೆ ಒಂದು ಸಮಾಧಾನ ಕಾಣಿಸಿತು. ಬೆಂಚಿನ ಕಡೆ ತಿರುಗಿ, "ನೋಡಿದ್ರಿಲ್ಲೋ?" ಎಂದ.

ಬೆಂಚು ಉಸಿರು ಹಿಡಿದಿತ್ತು. "ಏನಾಗೈತಿ ಗಾಡಿಗೆ?" ಎಂದ ಕೊಟ್ರೇಶ.

"ಏನಾಗೂದೈತಿ? ಟಾಕ್ಯಾಗ ಪೆಟ್ರೋಲ್ ಇಲ್ಲ. ಅಲ್ಲಾಡ್ಸಿ ನೋಡಿಲ್ಲೇನಪಾ, ಪರಶಪ್ಪ?"

"ಇಲ್ಲ. ನೀ ಇದ್ದಿ ಅಂತ ಸೀದಾ ತಂದ್ನಿ" ಎಂದ ಪರಶಪ್ಪ, ಕಣ್ಣರಳಿಸಿ. "ಮೂಗು ಕಟ್ಟೈತಿ, ಕೈ ಸಹಿತ ಹಚ್ಚಲಿಲ್ಲ. ಅಷ್ಟರಾಗ ಹೇಳಿಬಿಟ್ಟಿಯಲ್ಲೋ!"

"ಮೊದಲೆಲ್ಲಾ ಮುಟ್ಟಿದ್ರ ಏಳ್ತಿತ್ತು" ಎಂದ ಗೌಸುಸಾಬ, ಚಹಾದ ಕಪ್ಪನ್ನು ಮೈನುದ್ದೀನನ ಮುಂದೆ ಹಿಡಿಯುತ್ತ. "ಈಗ ಮುಟ್ಟೂದೂ ಬ್ಯಾಡಾಗೈತಿ."

ಮೈನುದ್ದೀನ ಕಪ್ಪು ಇಸಿದುಕೊಂಡು ತನ್ನ ಮಣೆಯ ಕಡೆ ನಡೆದ. ಮೊದಲು ಕೈ ಊರಿದ, ಆಮೇಲೆ ಸೊಂಟ ಇಳಿಸಿದ. ಪೂರ್ತಿ ಕುಳಿತಿರಲಿಲ್ಲ, ಆಗಲೇ ರಸ್ತೆಯ ಆ ಬದಿಯಿಂದ ಯಾರೋ ಇನ್ನೊಂದು ಗಾಡಿ ತಳ್ಳಿಕೊಂಡು ಬರುವುದು ಕಂಡಿತು. ಅವನು ಹಾಗೆಯೇ ಅರ್ಧಕ್ಕೆ ನಿಂತು, ಕುಳಿತುಕೊಳ್ಳುವುದೋ ಏಳುವುದೋ ತಿಳಿಯದೆ, ಚಹಾ ಕುಡಿದ.